ಹೈವೇಯಲ್ಲಿ ಬೈಕ್ ಓಡಿಸುವವರೇ, ನಿಮ್ಮ ಅನುಭವ ಹೇಳಿ

ಹೊಸ ಸವಾರ:
ಎಲ್ಲರಿಗೂ ನಮಸ್ಕಾರ. ಊರೊಳಗೆ ಆರು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಈಗ ಕೆಲಸ ಬದಲಾಗಿದೆ. ವಾರಕ್ಕೆ ಎರಡು ಸಲ ಹೈವೇಯಲ್ಲಿ 120 ಕಿಲೋಮೀಟರ್ ಹೋಗಿ ಬರಬೇಕು. ಹೋದ ವಾರ ಮೊದಲ ಸಲ ಹೋದೆ. ದೊಡ್ಡ ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಗಾಡಿ ಅಲ್ಲಾಡಿತು. ಆಮೇಲೆ ಎಷ್ಟೋ ಹೊತ್ತು ಕೈ ನಡುಗುತ್ತಿತ್ತು. ಹೆಲ್ಮೆಟ್ ಹಾಕು, ನಿಧಾನ ಹೋಗು ಅಂತ ಎಲ್ಲರೂ ಹೇಳುತ್ತಾರೆ. ಅದು ಬಿಟ್ಟು, ನೀವು ರಸ್ತೆಯಲ್ಲೇ ಕಲಿತದ್ದು ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ಗಾಡಿ:
ನಾನು ಹದಿನಾಲ್ಕು ವರ್ಷದಿಂದ ಹೈವೇಯಲ್ಲಿ ಓಡಾಡುತ್ತಿದ್ದೇನೆ. ಒಂದೇ ಮಾತು ಹೇಳು ಅಂದರೆ, ಮುಂದೆ ಜಾಗ ಬಿಟ್ಟುಕೊಳ್ಳಿ ಅನ್ನುತ್ತೇನೆ. ಇದನ್ನು ನಾನು ಬಿದ್ದು ಕಲಿತೆ.

ಒಂದು ಬೆಳಿಗ್ಗೆ ಲಾರಿಯ ಹಿಂದೆ 70ರಲ್ಲಿ ಹೋಗುತ್ತಿದ್ದೆ. ನನಗೂ ಅದಕ್ಕೂ ನಡುವೆ ಒಂದು ಕಾರು ಹಿಡಿಯುವಷ್ಟು ಜಾಗ. ಲಾರಿಯ ಚಕ್ರಗಳ ನಡುವಿನಿಂದ ಕಪ್ಪು ಪಟ್ಟಿಯೊಂದು ಹೊರಬಂತು. ಒಡೆದ ಟಯರಿನ ತುಂಡು. ಮೊಳದಷ್ಟು ಉದ್ದ, ಒಳಗಿನ ತಂತಿ ಎದ್ದು ನಿಂತಿತ್ತು. ಲಾರಿಗೆ ಅದು ತಾಗಲೂ ಇಲ್ಲ. ನನಗೆ ಅದು ಕಂಡದ್ದೂ, ಮುಂದಿನ ಚಕ್ರ ಅದರ ಮೇಲೆ ಹತ್ತಿದ್ದೂ ಒಟ್ಟಿಗೇ. ಯಾರೋ ಹ್ಯಾಂಡಲ್ ಕಿತ್ತುಕೊಂಡ ಹಾಗಾಯಿತು. ಬಿದ್ದು ಉಜ್ಜಿಕೊಂಡು ಹೋದೆ. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ, ಅದಕ್ಕೇ ಉಳಿದೆ.

ಜಾಗ ಬಿಡುವುದು ಬ್ರೇಕ್ ಹಿಡಿಯುವುದಕ್ಕೆ ಮಾತ್ರ ಅಲ್ಲ, ರಸ್ತೆ ಕಾಣುವುದಕ್ಕೂ ಬೇಕು. ಹಳ್ಳ, ಕಲ್ಲು, ಚೆಲ್ಲಿದ ಎಣ್ಣೆ, ಮಲಗಿದ ನಾಯಿ, ಇವೆಲ್ಲ ಮುಂದಿನ ಗಾಡಿಯ ಅಡಿಯಿಂದಲೇ ಏಕಾಏಕಿ ಎದ್ದು ಬರುತ್ತವೆ. ಗಂಟೆಗೆ 80 ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕಲ್ವಾ? ಅಷ್ಟು ದೂರ ನೀವು ಏನೂ ಮಾಡದೆ ಹೋಗಿರುತ್ತೀರಿ. ಸ್ಪೀಡ್ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಊರೊಳಗೆ 40ರಲ್ಲಿ ಕೈಗೆ ಕೂತ ಅಂದಾಜು 80ರಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಳತೆ ಸುಲಭ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಅಂತ ಎಣಿಸಿ. ಎರಡಕ್ಕೆ ಮೊದಲೇ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ. ನಾನು ಮೂರರವರೆಗೆ ಬಿಡುತ್ತೇನೆ, ಮಳೆಯಲ್ಲಿ ಇನ್ನೂ ಜಾಸ್ತಿ. ಆ ಜಾಗಕ್ಕೆ ಕಾರಿನವರು ನುಗ್ಗುತ್ತಾರೆ. ನುಗ್ಗಲಿ ಬಿಡಿ, ನೀವು ಮತ್ತೆ ಹಿಂದಕ್ಕೆ ಸರಿಯಿರಿ.

ಇನ್ನು ಲಾರಿಯ ಗಾಳಿ. ದೊಡ್ಡ ಗಾಡಿಯ ಮೂತಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದರ ಬೆನ್ನಿಗೇ ಒಳಗೆ ಎಳೆಯುತ್ತದೆ. ಆ ಹೊತ್ತಿಗೆ ನಾವು ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿಯುತ್ತೇವೆ, ಮೈಯ ಅಲುಗಾಟವೆಲ್ಲ ತೋಳಿನಿಂದ ಮುಂದಿನ ಚಕ್ರಕ್ಕೆ ಇಳಿಯುತ್ತದೆ. ಹಾಗೆ ಮಾಡಬೇಡಿ. ಮೊಣಕಾಲಲ್ಲಿ ಟ್ಯಾಂಕನ್ನು ಒತ್ತಿ ಹಿಡಿಯಿರಿ, ಕೈ ಸಡಿಲ ಬಿಡಿ. ಗಾಡಿ ತಾನೇ ನೇರವಾಗುತ್ತದೆ. ಅಡ್ಡಗಾಳಿ ಇರುವ ದಿನ ಲಾರಿಯನ್ನು ನೀವು ಓವರ್‌ಟೇಕ್ ಮಾಡುವಾಗ ಅದರ ಮರೆಯಲ್ಲಿ ಗಾಳಿ ಇರುವುದಿಲ್ಲ, ಕ್ಯಾಬಿನ್ ದಾಟಿದ ತಕ್ಷಣ ಬಂದು ಹೊಡೆಯುತ್ತದೆ. ಅದು ಬರುತ್ತದೆ ಅಂತ ಗೊತ್ತಿದ್ದರೆ ಸಾಕು, ಕೈ ನಡುಗುವುದಿಲ್ಲ.

ಲಾರಿ ಡ್ರೈವರ್:
ನಾನು ಆ ದೊಡ್ಡ ಗಾಡಿ ಓಡಿಸುವವನು. ನಮ್ಮ ಕಡೆಯಿಂದಲೂ ಒಂದೆರಡು ಮಾತು ಕೇಳಿ ತಮ್ಮಾ.

ನಮ್ಮ ಬಾಗಿಲ ಪಕ್ಕ, ಬಾಡಿಯ ಹಿಂದೆ, ಕ್ಯಾಬಿನ್ ಮೂತಿಯ ಬುಡ, ಈ ಮೂರು ಕಡೆ ಬೈಕ್ ಬಂದರೆ ನಮಗೆ ಕಾಣುವುದಿಲ್ಲ. ಕಾಣುವುದೇ ಇಲ್ಲ. ನಮ್ಮ ಕನ್ನಡಿಯಲ್ಲಿ ನಿಮಗೆ ನಮ್ಮ ಮುಖ ಕಾಣದಿದ್ದರೆ, ನಮಗೆ ನೀವಿಲ್ಲ ಅಂತಲೇ ತಿಳಿಯಿರಿ. ಪಕ್ಕದಲ್ಲಿ ಜೊತೆಜೊತೆಗೇ ಓಡಿಸಬೇಡಿ. ದಾಟುವುದಾದರೆ ಹಾರ್ನ್, ಲೈಟ್ ಕೊಟ್ಟು ಬೇಗ ದಾಟಿ, ಇಲ್ಲದಿದ್ದರೆ ಹಿಂದೆಯೇ ಇರಿ. ದಾಟಿದ ಮೇಲೆ ನಮ್ಮ ಮುಂದೆ ಬಂದು ಬ್ರೇಕ್ ಹಿಡಿಯಬೇಡಿ. ಲೋಡ್ ಇದ್ದಾಗ ನಾವು ಎಷ್ಟೇ ತುಳಿದರೂ ಗಾಡಿ ತಟ್ಟನೆ ನಿಲ್ಲುವುದಿಲ್ಲ.

ಇನ್ನೊಂದು. ಪಂಕ್ಚರ್ ಆಗಿ ನಿಂತರೆ ಗಾಡಿಯ ಪಕ್ಕದಲ್ಲೇ ಕೂತು ಫೋನ್ ಮಾಡಬೇಡಿ. ಇಂಡಿಕೇಟರ್ ಹಾಕಿಟ್ಟು, ರೇಲಿಂಗ್ ದಾಟಿ ಆಚೆ ನಿಂತುಕೊಳ್ಳಿ. ಬೆಳಗಿನ ಜಾವ ಎಷ್ಟೋ ಜನ ಅರೆನಿದ್ದೆಯಲ್ಲಿ ಓಡಿಸುತ್ತಿರುತ್ತಾರೆ. ರಸ್ತೆ ಅಂಚು ಅವರಿಗೆ ಲೆಕ್ಕಕ್ಕಿಲ್ಲ.

ದಿನದ ಪ್ರಯಾಣಿಕೆ:
ಹೆಲ್ಮೆಟ್ ಬಗ್ಗೆ ಗೊತ್ತು ಅಂದಿರಿ. ಆದರೂ ಹೇಳುತ್ತೇನೆ. ನಾನು ಬಿದ್ದ ದಿನ ಮನೆಗೆ ಬಂದು ಹೆಲ್ಮೆಟ್ ನೋಡಿದರೆ ಹೊರಗೆ ಒಂದು ಗೀಚು, ಅಷ್ಟೇ. ಒಳಗಿನ ಬಟ್ಟೆ ತೆಗೆದು ಬೆರಳಾಡಿಸಿದೆ. ಕಿವಿಯ ಮೇಲ್ಭಾಗದಲ್ಲಿ ಥರ್ಮಾಕೋಲ್ ಹೆಬ್ಬೆರಳಷ್ಟು ಅಗಲ ಒಳಗೆ ಕುಸಿದಿತ್ತು, ಸುತ್ತ ಕೂದಲೆಳೆಯಂಥ ಬಿರುಕು. ನನ್ನ ತಲೆಗೆ ಬೀಳಬೇಕಿದ್ದ ಪೆಟ್ಟನ್ನು ಅದು ತಿಂದಿತ್ತು. ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ. ಹೊರಗೆ ಚೆನ್ನಾಗಿದೆ ಅಂತ ಅದನ್ನೇ ಹಾಕಬೇಡಿ. ಪಟ್ಟಿ ಕಟ್ಟಿ, ಹೆಲ್ಮೆಟ್ಟನ್ನು ಹಿಂದಿನಿಂದ ಮೇಲಕ್ಕೆತ್ತಿ ನೋಡಿ. ಕಳಚಿ ಬಂದರೆ ಅದು ಸುಮ್ನೆ ಟೋಪಿ.

ಮಳೆ ಶುರುವಾದ ಮೊದಲ ಕಾಲು ಗಂಟೆ ತುಂಬಾ ಜಾರುತ್ತದೆ, ಎಣ್ಣೆ ಧೂಳು ಸೇರಿ ಮೇಲೆ ತೇಲುತ್ತದೆ. ಆಗ ನಾನು ನಿಂತುಬಿಡುತ್ತೇನೆ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜಾಯಿಂಟ್ ಮೇಲೆ ಬ್ರೇಕ್ ಬೇಡ, ಓರೆ ಮಾಡುವುದೂ ಬೇಡ. ಹಿಂದೆ ಯಾರಾದರೂ ಕೂತರೆ ಅವರ ದುಪಟ್ಟಾ, ಸೆರಗು ಕಟ್ಟಿಕೊಂಡಿದ್ದಾರಾ ನೋಡಿಯೇ ಹೊರಡಿ. ಚಕ್ರಕ್ಕೆ ಸಿಕ್ಕರೆ ಕೂಗುವಷ್ಟು ಹೊತ್ತೂ ಇರುವುದಿಲ್ಲ.

ಹೊಸ ಸವಾರ:
ತುಂಬಾ ಧನ್ಯವಾದ. ಕಂಬ ಎಣಿಸುವುದನ್ನು ನಾಳೆಯಿಂದಲೇ ಮಾಡುತ್ತೇನೆ. ಒಂದು ಅನುಮಾನ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಆಗುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಈಗಲೂ ಹಿಂದಿನದನ್ನೇ ತುಳಿಯುತ್ತೇನೆ. ಅದು ಸರಿಯಾ?

ಹಳೇ ಗಾಡಿ:
ಸರಿ ಅಲ್ಲ, ಇದನ್ನು ಮೊದಲು ಬಿಡಿಸಿಕೊಳ್ಳಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಟಯರ್ ರಸ್ತೆಗೆ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ತುಳಿದರೂ ಅದು ಲಾಕ್ ಆಗಿ ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಎರಡೂ ಹಿಡಿಯಿರಿ. ಮುಂದಿನದನ್ನು ಒಮ್ಮೆಲೇ ಎಳೆಯದೆ, ಒದ್ದೆ ಬಟ್ಟೆ ಹಿಂಡುವ ಹಾಗೆ ಒತ್ತುತ್ತಾ ಹೋಗಿ. ಗಾಡಿಯಲ್ಲಿ ಎಬಿಎಸ್, ಅಂದರೆ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ, ಇದ್ದರೆ ಲಿವರ್ ಕೈಯಲ್ಲಿ ಕಂಪಿಸುತ್ತದೆ, ಹೆದರಿ ಬಿಡಬೇಡಿ. ಗಾಡಿ ನೇರ ಇರಲಿ, ಕಣ್ಣು ದೂರ ಇರಲಿ. ಹಳ್ಳವನ್ನೇ ದಿಟ್ಟಿಸಿದರೆ ಗಾಡಿಯೂ ಹಳ್ಳಕ್ಕೇ ಹೋಗುತ್ತದೆ.

ಭಾನುವಾರ ಖಾಲಿ ಮೈದಾನ ಹುಡುಕಿ. 30ರಲ್ಲಿ ಹತ್ತು ಸಲ, ಆಮೇಲೆ 40ರಲ್ಲಿ, 50ರಲ್ಲಿ ನಿಲ್ಲಿಸಿ ನೋಡಿ. ಎಲ್ಲಿ ನಿಂತಿತು ಅಂತ ಪ್ರತಿ ಸಲ ಒಂದು ಕಲ್ಲಿಡಿ. ಆ ಕಲ್ಲುಗಳ ನಡುವಿನ ದೂರ ನೋಡಿ ಬಂದು ಹೇಳಿ.