ಪದ ಬೇಕು, ತುರ್ತು: ಪಿಕಲ್‌ಬಾಲ್‌ನ ‘ಕಿಚನ್’ಗೆ ಏನಂತೀರಿ?

ಡೊಂಬಿವಲಿಯಿಂದ:
ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕಿತ್ತು, ಎಂಟೂವರೆಗೆ ಝೆರಾಕ್ಸ್ ಅಂಗಡಿಯವನು ಬಾಗಿಲು ಹಾಕ್ತಾನೆ. ನಮ್ಮ ಸೊಸೈಟಿಯ ರಿಟೈರ್ಡ್ ಗ್ಯಾಂಗು, ಹನ್ನೆರಡು ಜನ, ನಾಳಿದ್ದು ವಿಯೆಟ್ನಾಂ ಟೂರ್ ಹೊರಟಿದೀವಿ, ದನಾಂಗ್‌ನಲ್ಲಿ ಎರಡು ದಿನ ಬೆಳಿಗ್ಗೆ ಪಿಕಲ್‌ಬಾಲ್ (ನೆಟ್ ಕಟ್ಟಿ, ತೂತಿನ ಪ್ಲಾಸ್ಟಿಕ್ ಚೆಂಡನ್ನ ಹಲಗೆಯಂಥ ಬ್ಯಾಟಲ್ಲಿ ಹೊಡೆಯೋ ಆಟ) ಕೋರ್ಟ್ ಬುಕ್ ಆಗಿದೆ, ಅಲ್ಲಿಯವರ ಮುಂದೆ ಮಾನ ಹೋಗಬಾರದು ಅಂತ ರೂಲ್ಸನ್ನ ಕನ್ನಡದಲ್ಲಿ ಒಂದು ಹಾಳೆ ಮಾಡ್ತಿದೀನಿ. ನೆಟ್‌ನಿಂದ ಎರಡೂ ಕಡೆ 7 ಅಡಿ ಜಾಗ ಇದೆಯಲ್ಲ, ಅಲ್ಲಿ ನಿಂತು ಚೆಂಡು ನೆಲಕ್ಕೆ ಬೀಳೋ ಮುಂಚೆ ಹೊಡೆಯೋ ಹಾಗಿಲ್ಲ, ಅದೇ ಕಿಚನ್. ಪ್ಯಾಡಲ್‌ಗೂ, ಅಂದ್ರೆ ಆ ಬ್ಯಾಟಿಗೂ, ಏನಾದ್ರೂ ಸಿಕ್ಕಿದ್ರೆ ಒಳ್ಳೇದು.

ಮಾಟುಂಗಾದಿಂದ:
ನಿಷಿದ್ಧ ವಲಯ. ಮುಗೀತು.

ಪುಣೆಯಿಂದ:
ಎರಡೂ ಸಂಸ್ಕೃತ, ಕನ್ನಡ ಎಲ್ಲಿ? ‘ತಡೆಪಟ್ಟಿ’ ಅನ್ನಿ. ಪ್ಯಾಡಲ್‌ಗೆ ‘ಹುಟ್ಟು’ ಇದ್ದೇ ಇದೆ, ದೋಣಿ ಹುಟ್ಟು. ಪಿಕಲ್ ಅಂದ್ರೆ ಉಪ್ಪಿನಕಾಯಿ ಅಂದ್ಕೊಂಡೋರಿಗೆ ಹೇಳ್ತೀನಿ: 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮನೆ ಅಂಗಳದಲ್ಲಿ ಈ ಆಟ ಶುರುವಾದಾಗ ಅವರ ಹೆಂಡತಿ ಜೋನ್ ಹೆಸರಿಟ್ಟಿದ್ದು ಪಿಕಲ್ ಬೋಟ್ ನೆನಪಲ್ಲಿ, ಬೇರೆ ದೋಣಿಗಳಲ್ಲಿ ಮಿಕ್ಕಿದ ಹುಟ್ಟುಗಾರರನ್ನೆಲ್ಲ ಕೂರಿಸಿದ ದೋಣಿ ಅದು. ಹಾಗಾಗಿ ‘ಹುಟ್ಟು’ ಅಂದ್ರೆ ಆಟದ ಬೇರಿಗೇ ಕೈ ಹಾಕಿದ ಹಾಗೆ.

ಮಾಟುಂಗಾದಿಂದ:
ಆಟ ಹುಟ್ಟುಹಾಕಿದ ಮೂವರಲ್ಲಿ ಒಬ್ಬರಾದ ಮೆಕ್‌ಕ್ಯಾಲಮ್, ನಾಯಿ ಹೆಸರಿಂದ ಬಂತು ಅಂತಿದ್ರು. ನಿಮ್ಮ ದೋಣಿ ಅಲ್ಲೇ ಮುಳುಗ್ತು.

ಡೊಂಬಿವಲಿಯಿಂದ:
ರಾಯರೇ, ದಯವಿಟ್ಟು. ‘ಹುಟ್ಟು ತನ್ನಿ’ ಅಂತ ಬರೆದ್ರೆ ನಮ್ಮೋರು ದೋಣಿವಿಹಾರ ಅಂದ್ಕೊಂಡು ಲೈಫ್ ಜಾಕೆಟ್ ಕೇಳ್ತಾರೆ. ‘ನಿಷಿದ್ಧ’ ಇನ್ನೂ ಕಷ್ಟ, ಯಾಕಂದ್ರೆ ಒಳಗೆ ಹೋಗೋದು ತಪ್ಪೇ ಅಲ್ಲ, ಚೆಂಡು ಅಲ್ಲಿ ಒಂದು ಪುಟ ಬಿದ್ದ ಮೇಲೆ ಹೋಗಿ ಹೊಡೀಬಹುದು, ಅಲ್ಲ ಹೊಡೀಲೇಬೇಕು. ಹೋದ ವಾರ ಚೆಂಡು ನೆಟ್ ಪಕ್ಕ ಮೆತ್ತಗೆ ಬಿತ್ತು, ನಮ್ಮ ಭಾವನೋರು ಗೆರೆ ಈಚೆ ಪ್ಯಾಡಲ್ ಎದೆಗಪ್ಪಿಕೊಂಡು ಅದು ಎರಡನೇ ಸಲ ಪುಟಿದು ಉರುಳಿ ಹೋಗೋವರೆಗೂ ನೋಡ್ತಾ ನಿಂತಿದ್ರು, ಮೈಲಿಗೇಲಿ ದೇವರಮನೆ ಹೊಸಿಲ ಮುಂದೆ ನಿಂತ ಹಾಗೆ. ಇದರ ಮೇಲೆ ಗೆರೆದೇ ಒಂದು ಗೋಳು. ನಮ್ಮದು ಬ್ಯಾಡ್ಮಿಂಟನ್ ಕೋರ್ಟು, ಅಳತೆ ಒಂದೇ, 44ಕ್ಕೆ 20 ಅಡಿ, ಆದ್ರೆ ಬ್ಯಾಡ್ಮಿಂಟನ್ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ. ಅರ್ಧ ಅಡಿ ಹಿಂದಕ್ಕೆ ಹಳದಿ ಟೇಪ್ ಅಂಟಿಸಿದ್ವಿ, ಮಳೆಗೆ ಎದ್ದು ಬಂತು, ಈಗ ಯಾರು ಯಾವ ಗೆರೆ ನೋಡ್ತಾರೋ ದೇವರಿಗೇ ಗೊತ್ತು.

ವಾಸ್ಕೋದಿಂದ:
ಅಕ್ಕಾರ, ಯಾಕ ಇಷ್ಟು ಒದ್ದಾಡ್ತೀರಿ, ‘ಅಡುಗೆಮನೆ’ ಅಂತ ಬರೀರಿ. ನಮ್ಮ ಆಟದಾಗ ಗೆರಿ ಹೊಡದ ಖಾನೆಕ್ಕೆಲ್ಲ ‘ಮನಿ’ನೇ ಅಂತೀವಲ್ರಿ? ಕುಂಟಾಬಿಲ್ಲೆಯೊಳಗ ಮನಿ, ಚೌಕಾಬಾರದೊಳಗ ಮನಿ, ಚದುರಂಗದಾಗ ಅರವತ್ನಾಕು ಮನಿ. ಇಂಗ್ಲಿಷಿನವರಿಗೆ ಕಿಚನ್ ಒಂದು ಚೇಷ್ಟಿ ಹೆಸರಷ್ಟೇ, ನಮಗ ಹೊಂದಿಕೊಂಡೇ ಬರ್ತದ. ಗೆರಿ ತುಳಿದ್ರ ಔಟ್ ಅನ್ನೋದೂ ಕುಂಟಾಬಿಲ್ಲೆ ಆಡಿದವ್ರಿಗೆ ಹೇಳಿಕೊಡಬೇಕಾಗಿಲ್ಲ. ಗಾಳ್ಯಾಗಿನ ಚೆಂಡು ಹೊಡದು ಜೋಲಿ ತಪ್ಪಿ ಒಳಗ ಕಾಲಿಟ್ರೂ ಫಾಲ್ಟೇ, ಅದನ್ನ ದಪ್ಪ ಅಕ್ಷರದಾಗ ಹಾಕ್ರಿ.

ಪುಣೆಯಿಂದ:
ಇದು ಬರೀ ಪದಕ್ಕೆ ಪದ ಇಟ್ಟ ಅನುವಾದ. ಹೀಗೇ ಇಂಗ್ಲಿಷಿನ ಚೇಷ್ಟೆಯನ್ನೆಲ್ಲ ಹೊತ್ಕೊಂಡು ಬಂದು ಕನ್ನಡ ಕೆಡಿಸಿದ್ದು. ಮುಂಬೈ ಕನ್ನಡಿಗರಿಗೆ ಇದೊಂದು ಚಟ.

ವಾಸ್ಕೋದಿಂದ:
ಹೌದೇನ್ರಿ? ನೀವು ಮನಿ ಬಾಗಿಲಾ ತಗಿಯೋ ‘ಚಾವಿ’ ಪೋರ್ಚುಗೀಸರದು, ತಿಂಗಳಾ ಎಣಿಸೋ ‘ಪಗಾರ’ ಅವರದೇ, ಪಲ್ಯ ಮಾಡೋ ‘ಬಟಾಟಿ’ನೂ ಅವರದೇ. ಮೊದಲು ಅವನ್ನ ವಾಪಸ್ ಕೊಟ್ಟು ಬರ್ರಿ.

ಪುಣೆಯಿಂದ:
ನಾವು ಬೀಗದಕೈ ಅಂತೀವಿ, ಸಂಬಳ ಅಂತೀವಿ, ಆಲೂಗಡ್ಡೆ ಅಂತೀವಿ.

ಮಾಟುಂಗಾದಿಂದ:
‘ಆಲೂ’ ಯಾವ ಅಚ್ಚಗನ್ನಡ ಮಾರಾಯ್ರೇ?

ಡೊಂಬಿವಲಿಯಿಂದ:
ಎಂಟು ಇಪ್ಪತ್ತಕ್ಕೆ ಹನ್ನೆರಡು ಪ್ರತಿ ತೆಗೆಸಿಕೊಂಡು ಬಂದೆ. ‘ಅಡುಗೆಮನೆ: ಗಾಳಿಯಲ್ಲಿರೋ ಚೆಂಡು ಇಲ್ಲಿಂದ ಹೊಡೀಬಾರದು, ಪುಟ ಬಿದ್ದಿದ್ದಕ್ಕೆ ಧಾರಾಳವಾಗಿ ಒಳಗೆ ಬನ್ನಿ, ಗೆರೆಯೂ ಅಡುಗೆಮನೆಯೇ.’ ವಾಸ್ಕೋದವರಿಗೆ ಥ್ಯಾಂಕ್ಸ್. ಭಾವನೋರು ಓದಿ, ಹಾಗಾದ್ರೆ ನಮ್ಮ ಮನೇದೇ ರೂಲು, ಕರೆದಾಗ ಮಾತ್ರ ಒಳಗೆ ಹೋಗೋದು ಅಂದ್ರು. ಪ್ಯಾಡಲನ್ನ ಪ್ಯಾಡಲ್ ಅಂತಲೇ ಬಿಟ್ಟೆ.

ಪುಣೆಯಿಂದ:
ಪ್ಯಾಡಲ್ ಅಂತಲೇ ಬಿಡೋದಾಗಿದ್ರೆ ನಮ್ಮನ್ನ ಯಾಕೆ ಕೇಳಿದ್ರಿ?