ಪ್ರಶ್ನೋತ್ತರ: ಎಸಿಸಿಗೆ ಹೋದ ಬರ್ಕ್ಲಿ ಟೀಮಿಗೆ ದುಡ್ಡು ಎಲ್ಲಿಂದ ಬರಬೇಕು?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾವು ಫ್ರೀಮಾಂಟಲ್ಲಿರೋದು, ಮಗ ಬರ್ಕ್ಲೀಲಿ ಓದ್ತಿದಾನೆ, ಅವನ ಜೊತೆ ಕ್ಯಾಲ್ (ಬರ್ಕ್ಲಿ ಯೂನಿವರ್ಸಿಟಿ ಟೀಮು) ಅಮೆರಿಕನ್ ಫುಟ್‌ಬಾಲ್ ಮ್ಯಾಚ್‌ಗೆ ಹೋಗಿ ಹೋಗಿ ಈಗ ನಂಗೇ ಹುಚ್ಚು ಹಿಡಿದಿದೆ. ಪಶ್ಚಿಮದ ಕಾನ್ಫರೆನ್ಸ್ (ಒಟ್ಟಿಗೆ ಆಡೋ ಕಾಲೇಜುಗಳ ಲೀಗ್) ಪ್ಯಾಕ್-12 ಒಡೆದು ಹೋಗಿ 2024ರಲ್ಲಿ ಕ್ಯಾಲ್ ಮತ್ತೆ ಸ್ಟ್ಯಾನ್‌ಫರ್ಡ್ ಎರಡೂ ಪೂರ್ವದ ಕಾನ್ಫರೆನ್ಸಾದ ಎಸಿಸಿ ಸೇರಿದ್ವಲ್ಲ, ಟಿವಿ ದುಡ್ಡಲ್ಲಿ ನಮ್ಗೆ ಪೂರ್ತಿ ಪಾಲಿಲ್ವಂತೆ, ಮೇಲಿಂದ ಅರ್ಧ ಮ್ಯಾಚು ದೇಶದ ಆ ಕಡೆ ತುದೀಲಿ. ಹಿಂಗಾದ್ರೆ ಎಸಿಸಿಯ ಕ್ಲೆಮ್ಸನ್, ಮಯಾಮಿ ಥರದ ದೊಡ್ಡ ಟೀಮುಗಳ ಎದುರು ನಿಲ್ಲೋಕಾಗುತ್ತಾ? ಯೂನಿವರ್ಸಿಟಿ ಬಜೆಟ್ ಕೆಲಸದಲ್ಲಿರೋರು ಗ್ರೂಪಲ್ಲಿ ಇದ್ದೀರಲ್ಲ, ಸ್ವಲ್ಪ ಬಿಡಿಸಿ ಹೇಳಿ ಸರ್.

ಉತ್ತರ: ನಮಸ್ಕಾರ ಸರ್. ನಾನಿರೋದು ಬೇರೆ ಯೂನಿವರ್ಸಿಟಿಯ ಬಜೆಟ್ ಆಫೀಸಲ್ಲಿ, ಆದ್ರೆ ಲೆಕ್ಕ ಬರೆಯೋ ರೀತಿ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಮೊದಲು ಟಿವಿ ಪಾಲು. ಒಪ್ಪಂದದ ಪ್ರಕಾರ ಮೊದಲ 7 ವರ್ಷ ಕ್ಯಾಲ್‌ಗೆ ಸಿಗೋದು ಶೇ. 30, ಎಂಟನೇ ವರ್ಷ ಶೇ. 70, ಒಂಬತ್ತನೇ ವರ್ಷ ಶೇ. 75, ಹತ್ತನೇ ವರ್ಷದಿಂದ ಪೂರ್ತಿ. ಬೌಲ್ (ಸೀಸನ್ ಮುಗಿದ ಮೇಲಿನ ವಿಶೇಷ ಮ್ಯಾಚು), ಪ್ಲೇಆಫ್ (ಚಾಂಪಿಯನ್ ತೀರ್ಮಾನಿಸೋ ನಾಕೌಟ್), ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನ ದುಡ್ಡು ಇದ್ರಲ್ಲಿ ಸೇರಲ್ಲ, ಅದು ಬೇರೆ. ಕಡಿಮೆ ಅನ್ಸುತ್ತೆ ನಿಜ, ಆದ್ರೆ 2023ರ ಸೆಪ್ಟೆಂಬರಲ್ಲಿ ಅವರ ಕೈಲಿ ಬೇರೆ ದಾರೀನೇ ಇರ್ಲಿಲ್ಲ. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಪ್ಯಾಕ್-12ರಲ್ಲಿ ಹಿಂದೆ ಉಳ್ಕೊಂಡು ಏನು ಪಾಡು ಪಟ್ಟವು ನೋಡಿದೀವಲ್ಲ.

ಆದ್ರೆ ನನ್ನ ಪ್ರಕಾರ ಕ್ಯಾಲ್‌ನ ಅಸಲಿ ತೊಂದರೆ ಈ ಶೇ. 30 ಅಲ್ಲ, ಅದಕ್ಕಿಂತ ಹಳೇದು. ನೀವು ಕೂತು ಮ್ಯಾಚ್ ನೋಡ್ತೀರಲ್ಲ ಆ ಮೆಮೋರಿಯಲ್ ಸ್ಟೇಡಿಯಂ, 1923ರದ್ದು, ಅದರ ಅಡಿಯಲ್ಲೇ ಹೇವರ್ಡ್ ಫಾಲ್ಟ್ (ಭೂಕಂಪ ತರೋ ನೆಲದ ಬಿರುಕು) ಹಾದುಹೋಗುತ್ತೆ. ಭೂಕಂಪಕ್ಕೆ ತಡ್ಕೊಳ್ಳೋ ಹಾಗೆ ಮತ್ತೆ ಕಟ್ಟಿ 2012ರಲ್ಲಿ ತೆರೆದ್ರು, ದುಬಾರಿ ಸೀಟುಗಳನ್ನ ದೀರ್ಘಾವಧಿಗೆ ಮಾರಿ ಸಾಲ ತೀರಿಸ್ತೀವಿ ಅಂದ್ಕೊಂಡಿದ್ರು, ಅಂದ್ಕೊಂಡಷ್ಟು ಸೀಟು ಮಾರಾಟ ಆಗ್ಲಿಲ್ಲ, ಸಾಲ 400 ಮಿಲಿಯನ್ ಡಾಲರ್ ದಾಟಿತ್ತು, ಬಡ್ಡಿ ಕಟ್ಟೋದ್ರಲ್ಲೇ ಆಟದ ಇಲಾಖೆ ಹೈರಾಣಾಗಿ ಕೊನೆಗೆ 2018ರಲ್ಲಿ ಸುಮಾರು ಅರ್ಧ ಸಾಲವನ್ನ ಕ್ಯಾಂಪಸ್ಸೇ ವಹಿಸ್ಕೊಳ್ತು. ಅಂದ್ರೆ ಎಸಿಸಿಗೆ ಹೋಗುವಾಗ್ಲೇ ಇವರು ಹೊರೆ ಹೊತ್ಕೊಂಡು ಹೋದ್ರು.

ಇದಕ್ಕೆ ಪಕ್ಕದಲ್ಲೇ ಒಂದು ಹೋಲಿಕೆ ಇದೆ. ಎಸಿಸಿಗೆ ಸೇರ್ತಾರೆ ಅಂತ ಇವರಿಬ್ಬರ ಜೊತೆ ಅದೇ ದಿನ ಘೋಷಣೆಯಾದ ಮೂರನೇ ಕಾಲೇಜು ಡಲ್ಲಾಸಿನ ಎಸ್‌ಎಂಯು. ಅವರು 9 ವರ್ಷ ಕಾನ್ಫರೆನ್ಸಿನ ಟಿವಿ ದುಡ್ಡು ಒಂದು ಪೈಸೇನೂ ಬೇಡ ಅಂತ ಒಪ್ಕೊಂಡೇ ಬಂದ್ರು! ಘೋಷಣೆ ಆದ ಕೆಲವೇ ದಿನದಲ್ಲಿ ಅವರ ದಾನಿಗಳು 100 ಮಿಲಿಯನ್ ಡಾಲರ್ ಸೇರಿಸಿ ಕೊಟ್ರು. ಮೊದಲ ವರ್ಷವೇ ಕಾನ್ಫರೆನ್ಸಲ್ಲಿ ಆಡಿದ 8ಕ್ಕೆ 8 ಗೆದ್ದು, ಫೈನಲಲ್ಲಿ ಕ್ಲೆಮ್ಸನ್‌ಗೆ 34-31ರಲ್ಲಿ ಸೋತ್ರೂ ಪ್ಲೇಆಫ್‌ಗೆ ಹೋದ್ರು. ಟಿವಿ ಪಾಲೇ ಎಲ್ಲಾ ಆಗಿದ್ರೆ ಇದು ಸಾಧ್ಯಾನೇ ಇರ್ಲಿಲ್ಲ. ಹಳೇ ವಿದ್ಯಾರ್ಥಿಗಳು ಎಷ್ಟು ಕೊಡ್ತಾರೆ, ತಲೆ ಮೇಲೆ ಸಾಲ ಎಷ್ಟಿದೆ, ಈ ಎರಡರ ಮೇಲೇ ನಿಂತಿದೆ.

ಪ್ರಶ್ನೆ (ಅದೇ ಸರ್): ಆದ್ರೂ ಆ ವರ್ಷ ನಮ್ಮವರು ಕೆಟ್ಟದಾಗೇನೂ ಆಡ್ಲಿಲ್ಲ ಅಲ್ವಾ? ಮಯಾಮಿ ಮ್ಯಾಚಲ್ಲಿ ನಾನು ಸ್ಟೇಡಿಯಮ್ಮಲ್ಲೇ ಇದ್ದೆ, 35-10 ಮುಂದಿದ್ದು 39-38ಕ್ಕೆ ಸೋತ್ವಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಉತ್ತರ: ಅಲ್ಲೇ ಇರೋದು ವಿಷ್ಯ. 2024ರಲ್ಲಿ ಫ್ಲೋರಿಡಾ ಸ್ಟೇಟ್‌ಗೆ 5 ಪಾಯಿಂಟಿಂದ, ಮಯಾಮಿಗೆ 1, ಪಿಟ್‌ಗೆ 2, ಎನ್‌ಸಿ ಸ್ಟೇಟ್‌ಗೆ 1, ಹೀಗೆ ಸಾಲಾಗಿ ನಾಲ್ಕು ಸೋಲು, ಒಟ್ಟು ಅಂತರ ಬರೀ 9 ಪಾಯಿಂಟ್. ಹತ್ತಿರ ಹತ್ತಿರ ಬರೋ ಟೀಮ್ ಕಟ್ಟಬಹುದು, ಕಟ್ಟಿದ್ಮೇಲೆ ಉಳಿಸ್ಕೊಳ್ಳೋದೇ ಕಷ್ಟ. ಅವತ್ತಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸೋ ಆಟಗಾರ) ಫರ್ನಾಂಡೊ ಮೆಂಡೋಜಾ ಮುಂದಿನ ವರ್ಷ ಇಂಡಿಯಾನಾಗೆ ಹೋಗಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ 2025ರ ಹೈಸ್ಮನ್ ಪ್ರಶಸ್ತಿ ಗೆದ್ದ. ಮೇಲಿಂದ ಆಟಗಾರರು ದುಡ್ಡಿಗಾಗಿ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ರಾಜಿ 2025ರ ಜೂನಲ್ಲಿ ಕೋರ್ಟಲ್ಲಿ ಪಾಸಾಯ್ತು, ಈಗ ಕಾಲೇಜೇ ಆಟಗಾರರಿಗೆ ನೇರ ದುಡ್ಡು ಕೊಡಬಹುದು, 2025-26ಕ್ಕೆ ಮಿತಿ 20.5 ಮಿಲಿಯನ್ ಡಾಲರ್. ಪೂರ್ತಿ ಪಾಲು ಬರೋ ಕಾಲೇಜಿಗೇ ಇದು ಭಾರ, ಶೇ. 30 ತಗೊಳ್ಳೋರಿಗೆ ಕೇಳ್ಲೇಬೇಡಿ.

ಪ್ರಶ್ನೆ (ಇನ್ನೊಬ್ಬರು): ಯುಸಿಎಲ್‌ಎ ನಮ್ಗೆ ದುಡ್ಡು ಕಟ್ಟಿಕೊಡ್ತಿದೆ ಅಂತ ಕೇಳ್ದೆ, ಹೌದಾ?

ಉತ್ತರ: ಹೌದು. ಎರಡೂ ಒಂದೇ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವ್ಯವಸ್ಥೆ, ಲಾಸ್ ಏಂಜಲೀಸಿನ ಯುಸಿಎಲ್‌ಎ ಬಿಗ್ ಟೆನ್ ಅನ್ನೋ ಬೇರೆ ಕಾನ್ಫರೆನ್ಸಿಗೆ ಹೋಗಿದ್ರಿಂದ ಕ್ಯಾಲ್‌ಗೆ ನಷ್ಟ ಆಯ್ತು ಅಂತ ರೀಜೆಂಟ್‌ಗಳು (ಯುಸಿಯ ಆಡಳಿತ ಮಂಡಳಿ) ವರ್ಷಕ್ಕೆ 10 ಮಿಲಿಯನ್ ಕೊಡಿಸ್ತಿದಾರೆ. ಆದ್ರೆ ಯುಸಿಎಲ್‌ಎ ಆಟದ ಇಲಾಖೇನೇ 2023-24ರಲ್ಲಿ 50 ಮಿಲಿಯನ್‌ಗೂ ಹೆಚ್ಚು ಕೊರತೇಲಿತ್ತು. ನಿಮ್ಗೆ ಆಸಕ್ತಿ ಇದ್ರೆ ಒಂದು ಕೆಲಸ ಮಾಡಿ, ಸರ್ಕಾರಿ ಯೂನಿವರ್ಸಿಟಿಗಳು ಪ್ರತಿ ವರ್ಷ ಎನ್‌ಸಿಎಎಗೆ ಕೊಡೋ ಲೆಕ್ಕಪತ್ರ ಕೇಳಿದ್ರೆ ಸಿಗುತ್ತೆ, ಅದರಲ್ಲಿ ಒಟ್ಟು ಆದಾಯ ನೋಡಿ ಮೋಸ ಹೋಗ್ಬೇಡಿ, ವಿದ್ಯಾರ್ಥಿಗಳ ಫೀಸಿಂದ ಬಂದಿದ್ದೆಷ್ಟು, ಯೂನಿವರ್ಸಿಟಿ ತನ್ನ ಜೇಬಿಂದ ಹಾಕಿದ್ದೆಷ್ಟು, ಆ ಎರಡು ಸಾಲು ಓದಿ. ಅವೆರಡನ್ನ ಕಳೆದ್ರೆ ಉಳಿಯೋದೇ ಇಲಾಖೆ ತಾನಾಗಿ ದುಡಿದಿದ್ದು.

ಪ್ರಶ್ನೆ (ಇನ್ನೊಬ್ಬರು): ಸರ್, ನಮ್ಮ ಮಗಳು ಹೈಸ್ಕೂಲಲ್ಲಿ ವಾಲಿಬಾಲ್ ಆಡ್ತಾಳೆ, ಕ್ಯಾಲ್ ಮೇಲೆ ಕಣ್ಣಿದೆ. ಇಷ್ಟು ದೂರದ ಓಡಾಟ, ಟೀಮೇ ಮುಚ್ಚಿಬಿಟ್ರೆ ಅಂತ ಭಯ.

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾಗೇ ಇದೆ. ನಂಗೆ ಫುಟ್‌ಬಾಲಿಗಿಂತ ಈ ಮಕ್ಕಳದ್ದೇ ಹೆಚ್ಚು ಚಿಂತೆ. ಫುಟ್‌ಬಾಲ್‌ನವರು ವಾರಕ್ಕೊಂದು ಮ್ಯಾಚ್ ಆಡ್ತಾರೆ, ಪ್ರಯಾಣ ಇದ್ದಿದ್ದು ಕೆಲವು ಸಲ ಮಾತ್ರ. ವಾಲಿಬಾಲಲ್ಲಿ ವಾರಕ್ಕೆರಡು. ಸ್ಯಾನ್ ಫ್ರಾನ್ಸಿಸ್ಕೋದಿಂದ ನಾರ್ತ್ ಕ್ಯಾರೊಲಿನಾಗೆ ಹೋಗಿ ಬಂದ್ರೆ 3 ಗಂಟೆ ಟೈಮ್ ಝೋನ್ ವ್ಯತ್ಯಾಸ, ಮಿಡ್‌ಟರ್ಮ್ ಓದನ್ನ ಏರ್‌ಪೋರ್ಟಲ್ಲೇ ಕೂತು ಮಾಡ್ಬೇಕು. ವಾಟರ್ ಪೋಲೋ ಹುಡುಗರಿಗೆ ಈ ಕಷ್ಟ ಇಲ್ಲ, ಎಸಿಸಿಯಲ್ಲಿ ಆ ಆಟಾನೇ ಇಲ್ಲ, ಅವರು ಪಶ್ಚಿಮದ ಬೇರೆ ಕಾನ್ಫರೆನ್ಸಲ್ಲೇ ಆಡ್ತಾರೆ.

ಮುಚ್ಚೋ ವಿಷ್ಯಕ್ಕೆ ಬಂದ್ರೆ, 2010ರಲ್ಲಿ ಕ್ಯಾಲ್ ಬೇಸ್‌ಬಾಲ್, ಜಿಮ್ನಾಸ್ಟಿಕ್ಸ್, ಹೆಣ್ಮಕ್ಕಳ ಲಕ್ರಾಸ್ ನಿಲ್ಲಿಸ್ತೀವಿ ಅಂದಿತ್ತು, ಹಳೇ ಆಟಗಾರರು ದುಡ್ಡೆತ್ತಿ ಉಳಿಸಿದ್ರು, ಅದೇ ಬೇಸ್‌ಬಾಲ್ ಟೀಮು 2011ರಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್‌ಗೆ ಹೋಯ್ತು. ಸ್ಟ್ಯಾನ್‌ಫರ್ಡ್ ಕೂಡ 2020ರಲ್ಲಿ 11 ಆಟ ನಿಲ್ಲಿಸ್ತೀವಿ ಅಂತ ಹೇಳಿ ಮುಂದಿನ ವರ್ಷ ವಾಪಸ್ ತಗೊಳ್ತು. ಹಾಗಾಗಿ ಕೋಚ್ ಜೊತೆ ಮಾತಾಡುವಾಗ ನಾಚ್ಕೋಬೇಡಿ, ಈ ಟೀಮಿನ ಸ್ಕಾಲರ್‌ಶಿಪ್ಪಿಗೆ ದಾನಿಗಳು ಇಟ್ಟ ಶಾಶ್ವತ ನಿಧಿ ಇದೆಯಾ ಇಲ್ಲ ಪ್ರತಿ ವರ್ಷ ಇಲಾಖೆ ಕೊಡೋ ದುಡ್ಡೇನಾ, ಹೌಸ್ ರಾಜಿ ಆದ್ಮೇಲೆ ಟೀಮಲ್ಲಿ ಎಷ್ಟು ಜನಕ್ಕೆ ಜಾಗ, ಪೂರ್ವ ತೀರಕ್ಕೆ ಸೀಸನ್‌ಗೆ ಎಷ್ಟು ಸಲ ಹೋಗ್ತಾರೆ, ಈ ಮೂರನ್ನ ನೇರವಾಗಿ ಕೇಳಿ. ನಿಧಿ ಇದೆ ಅಂದ್ರೆ ಅರ್ಧ ಭಯ ಬಿಡಬಹುದು. ಓದಿನ ಮೇಲೆ ಸೀಟು ಸಿಗೋ ಹಾಗಿದ್ರೆ ಅದನ್ನ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ.