ಜೀವಿಗಳ ನಕ್ಷೆ, ರೋಗದ ನಕ್ಷೆ: ಎಂಡೆಮಿಕ್ ಪ್ರದೇಶಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು ಜೀವಶಾಸ್ತ್ರದ ವಿದ್ಯಾರ್ಥಿ. ಲೀಮರ್‌ಗಳು ಮಡಗಾಸ್ಕರ್‌ಗೆ ಎಂಡೆಮಿಕ್, ಅಂದರೆ ಸಹಜವಾಗಿ ಬೇರೆಲ್ಲೂ ಇಲ್ಲ ಅಂತ ಓದಿದ್ದೇನೆ. ಆದರೆ ಮಲೇರಿಯಾ ಎಷ್ಟೋ ದೇಶಗಳಲ್ಲಿದೆ, ಅದನ್ನೂ ಎಂಡೆಮಿಕ್ ಅಂತಾರೆ. ಈ ಎರಡು ನಕ್ಷೆಗಳನ್ನು ಒಂದೇ ತರ ಓದಬಹುದಾ? ಒಂದು ಪ್ರಾಜೆಕ್ಟ್‌ಗೆ ಬೇಕಿತ್ತು.

ಉತ್ತರ: ಓದಬೇಡಿ. ಜೀವಿಗಳ ನಕ್ಷೆಯಲ್ಲಿ ಗೆರೆಯ ಒಳಗೆ ಮಾತ್ರ ಆ ಜೀವಿ ಇರುತ್ತದೆ, ಹೊರಗೆ ಇಲ್ಲ. ರೋಗದ ನಕ್ಷೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಹೊರಗಿನಿಂದ ಯಾರೂ ಹೊತ್ತು ತರದಿದ್ದರೂ ಇಲ್ಲಿ ರೋಗ ಜನರಿಗೆ ತಗುಲುತ್ತಲೇ ಇರುತ್ತದಾ? ಹೌದು ಅಂದರೆ ಆ ಜಾಗ ಎಂಡೆಮಿಕ್. ಅಂಥದ್ದು ಇನ್ನೂ ಐವತ್ತು ಕಡೆ ಇದ್ದರೂ ಪರವಾಗಿಲ್ಲ.

ಅದಕ್ಕೇ ಮಲೇರಿಯಾ ಲೆಕ್ಕದಲ್ಲಿ ಸ್ಥಳೀಯವಾಗಿ ತಗುಲಿದ ಕೇಸು ಬೇರೆ, ಹೊರಗಿನಿಂದ ಬಂದ ಕೇಸು ಬೇರೆ. ಸ್ಥಳೀಯ ಕೇಸು ಸತತ 3 ವರ್ಷ ಸೊನ್ನೆ ಇದ್ದರೆ ಒಂದು ದೇಶ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತ ಪ್ರಮಾಣಪತ್ರ ಕೇಳಬಹುದು. ಶ್ರೀಲಂಕಾಕ್ಕೆ 2016ರಲ್ಲಿ, ಚೀನಾಕ್ಕೆ 2021ರಲ್ಲಿ ಅದು ಸಿಕ್ಕಿತು. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಈಗಲೂ ಇದೆ. ಪ್ರಯಾಣಿಕರ ಜೊತೆ ಮಲೇರಿಯಾ ಕೂಡ ಬರುತ್ತಲೇ ಇದೆ. ಆದರೆ ಬಂದದ್ದು ಬೇರೂರುತ್ತಿಲ್ಲ, ಅಷ್ಟೇ.

ಇನ್ನೊಬ್ಬ ಸದಸ್ಯರು: ಹಾಗಾದರೆ ಸೊಳ್ಳೆ ಇರುವ ಜಾಗವನ್ನೇ ರೋಗದ ಜಾಗ ಅಂತ ಗುರುತು ಹಾಕಿದರೆ ತಪ್ಪಾಗುತ್ತದೆ, ಅಲ್ವಾ?

ಉತ್ತರ: ತಪ್ಪೇ. ಹಳದಿ ಜ್ವರ ನೋಡಿ. ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಏಷ್ಯಾದಲ್ಲಿ ಧಾರಾಳವಾಗಿದೆ, ಡೆಂಗ್ಯೂ ಹರಡುವುದೂ ಅದೇ. ಆದರೂ ಹಳದಿ ಜ್ವರದ ಎಂಡೆಮಿಕ್ ಪ್ರದೇಶ ಇರುವುದು ಆಫ್ರಿಕಾದಲ್ಲಿ ಮತ್ತು ಮಧ್ಯ, ದಕ್ಷಿಣ ಅಮೆರಿಕದಲ್ಲಿ ಮಾತ್ರ. ಅಲ್ಲಿನ ಕಾಡುಗಳಲ್ಲಿ ಕೋತಿ ಮತ್ತು ಸೊಳ್ಳೆಗಳ ನಡುವೆ ವೈರಸ್ ಸುತ್ತುತ್ತಲೇ ಇರುತ್ತದೆ. 2016ರಲ್ಲಿ ಅಂಗೋಲಾದಿಂದ ಚೀನಾಕ್ಕೆ ಮರಳಿದ 11 ಜನರಲ್ಲಿ ಈ ಜ್ವರ ಪತ್ತೆಯಾಯಿತು. ಅವರಿಂದ ಮುಂದಕ್ಕೆ ಹರಡಲಿಲ್ಲ.

ಮೊದಲಿನವರು: ಕೋವಿಡ್ 'ಎಂಡೆಮಿಕ್ ಆಯಿತು' ಅಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟರಲ್ಲ ಮೇಡಂ. ಎಂಡೆಮಿಕ್ ಅಂದರೆ ರೋಗ ಸೌಮ್ಯವಾಯಿತು ಅಂತ ಅಲ್ವಾ?

ಉತ್ತರ: ಅಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮಲೇರಿಯಾ ಎಂಡೆಮಿಕ್ ರೋಗವೇ. ವರ್ಷಕ್ಕೆ ಸುಮಾರು 6 ಲಕ್ಷ ಜನ ಅದರಿಂದ ಸಾಯುತ್ತಾರೆ. ಹೆಚ್ಚಿನವರು ಆಫ್ರಿಕಾದ 5 ವರ್ಷದೊಳಗಿನ ಮಕ್ಕಳು.

ಎಂಡೆಮಿಕ್‌ನಲ್ಲೂ ಮಟ್ಟಗಳಿವೆ. ಅದನ್ನು ಅಳೆಯುವ ಹಳೇ ವಿಧಾನ ತುಂಬ ಸರಳ. 2ರಿಂದ 9 ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಯ ಕೆಳಗೆ ಬೆರಳೊತ್ತಿ, ಗುಲ್ಮ (ಸ್ಪ್ಲೀನ್) ಕೈಗೆ ಸಿಗುತ್ತದಾ ಅಂತ ನೋಡುವುದು. ಮಲೇರಿಯಾ ಮತ್ತೆ ಮತ್ತೆ ಬಂದರೆ ಗುಲ್ಮ ಊದಿಕೊಳ್ಳುತ್ತದೆ. 100ರಲ್ಲಿ 10 ಮಕ್ಕಳವರೆಗೆ ಸಿಕ್ಕರೆ ಕಡಿಮೆ ಮಟ್ಟ. 75ಕ್ಕಿಂತ ಜಾಸ್ತಿ ಮಕ್ಕಳಲ್ಲಿ ಸಿಕ್ಕಿ, ದೊಡ್ಡವರಲ್ಲಿ ಕಡಿಮೆ ಸಿಕ್ಕರೆ ಅತಿ ಹೆಚ್ಚು ಮಟ್ಟ.

ದೊಡ್ಡವರಲ್ಲಿ ಯಾಕೆ ಕಡಿಮೆ? ಚಿಕ್ಕಂದಿನಿಂದ ಸೋಂಕು ತಗುಲಿ ತಗುಲಿ ಬದುಕಿ ಉಳಿದವರು ಅವರು. ರಕ್ತದಲ್ಲಿ ಪರಾವಲಂಬಿ ಇದ್ದರೂ ಅವರಿಗೆ ಜ್ವರ ಬರದೇ ಇರಬಹುದು. ಹೊರಗಿನಿಂದ ನೋಡುವವರಿಗೆ ಇಲ್ಲಿ ರೋಗ 'ಹೊಂದಿಕೊಂಡಿದೆ' ಅನ್ನಿಸುತ್ತದೆ. ಆ ಹೊಂದಾಣಿಕೆಗೆ ಬೆಲೆ ತೆತ್ತಿರುವುದು ಮಕ್ಕಳು. ರೋಗ ಅಪರೂಪವಾಗಿರುವ ಜಾಗದಲ್ಲಿ ಇದು ತಿರುಗುಮುರುಗು. ಅಲ್ಲಿ ಯಾರಿಗೂ ರಕ್ಷಣೆ ಇರುವುದಿಲ್ಲ. ಒಂದು ಸಲ ಹಬ್ಬಿತು ಅಂದರೆ ಮಕ್ಕಳು, ದೊಡ್ಡವರು ಅಂತ ನೋಡುವುದಿಲ್ಲ.

ಮೊದಲಿನವರು: ಅರ್ಥವಾಯಿತು. ಜೀವಿಗಳ ಕಡೆ ಈ ಗೆರೆಯನ್ನು ಹೇಗೆ ಎಳೆಯುತ್ತಾರೆ?

ಉತ್ತರ: ಒಂದೇ ಪ್ರಭೇದ ಸಾಲದು. ಕಿರಿದಾದ ನೆಲೆ ಇರುವ ಎರಡಾದರೂ ಪ್ರಭೇದಗಳ ವ್ಯಾಪ್ತಿ ಒಂದರ ಮೇಲೊಂದು ಕೂರಬೇಕು. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ ಹಕ್ಕಿಗಳಿಗೆ ಇಟ್ಟುಕೊಂಡ ಮಿತಿ 50,000 ಚದರ ಕಿಲೋಮೀಟರ್. ಅದಕ್ಕಿಂತ ಕಡಿಮೆ ವ್ಯಾಪ್ತಿಯ ಎರಡು ಅಥವಾ ಹೆಚ್ಚು ಪ್ರಭೇದಗಳು ಕೂಡುವ ಜಾಗವೇ ಎಂಡೆಮಿಕ್ ಹಕ್ಕಿ ಪ್ರದೇಶ.

ವಿಧಾನಕ್ಕಿಂತ ಮುಖ್ಯವಾದದ್ದು ನಕ್ಷೆಯ ಖಾಲಿ ಜಾಗ. ಖಾಲಿ ಅಂದರೆ ಅಲ್ಲಿ ಆ ಜೀವಿ ಇಲ್ಲ ಅಂತಲೂ ಆಗಬಹುದು, ಯಾರೂ ಹೋಗಿ ಹುಡುಕಿಲ್ಲ ಅಂತಲೂ ಆಗಬಹುದು. ಮಾದರಿಗಳು ರಸ್ತೆ ಪಕ್ಕದಲ್ಲಿ, ಸಂಶೋಧನಾ ಕೇಂದ್ರಗಳ ಸುತ್ತ ಜಾಸ್ತಿ ಸಿಗುತ್ತವೆ. ಜೀವಿಗಳು ಅಲ್ಲೇ ಜಾಸ್ತಿ ಇರುತ್ತವೆ ಅಂತಲ್ಲ, ಜನ ಅಲ್ಲಿ ಜಾಸ್ತಿ ಓಡಾಡುತ್ತಾರೆ.

ರೋಗದಲ್ಲೂ ಇದೇ ಕಥೆ. ವ್ಯಾಲಿ ಫೀವರ್ ಅನ್ನುವುದು ಮಣ್ಣಿನ ಶಿಲೀಂಧ್ರದಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆ. ಅಮೆರಿಕದಲ್ಲಿ ಅದು ಅರಿಜೋನಾ, ಕ್ಯಾಲಿಫೋರ್ನಿಯಾ ಕಡೆಯ ಒಣ ನೆಲದ್ದು ಅಂತ ನಕ್ಷೆ ಹೇಳುತ್ತಿತ್ತು. 2010 ಮತ್ತು 2011ರಲ್ಲಿ, ದೂರದ ಉತ್ತರದ ವಾಷಿಂಗ್ಟನ್ ರಾಜ್ಯದಲ್ಲಿ ಮೂವರಿಗೆ ಬಂತು. ಅದು ಅಲ್ಲೇ ತಗುಲಿದ್ದು ಅನ್ನುವ ಅನುಮಾನದಿಂದ ಅವರು ಓಡಾಡಿದ ಜಾಗದ ಮಣ್ಣು ಪರೀಕ್ಷಿಸಿದರು. ಶಿಲೀಂಧ್ರ ಅಲ್ಲೇ ಇತ್ತು! ನಕ್ಷೆಯ ಹೊರಗಿನ ಜಾಗ ಅಂತ ವೈದ್ಯರು ಪರೀಕ್ಷೆಯನ್ನೇ ಬರೆಯುವುದಿಲ್ಲ, ಪರೀಕ್ಷೆ ಇಲ್ಲದೆ ಕೇಸು ಸಿಗುವುದಿಲ್ಲ, ಕೇಸು ಇಲ್ಲದೆ ನಕ್ಷೆ ಬದಲಾಗುವುದಿಲ್ಲ. ಹಾಗಾಗಿ ಎಲ್ಲೆಲ್ಲಿ ಹುಡುಕಿದ್ದಾರೆ ಅನ್ನುವುದಕ್ಕೇ ಒಂದು ಪದರ ಸೇರಿಸಿ.

ಮೊದಲಿನವರು: ಕೊನೆಯ ಪ್ರಶ್ನೆ. ಎರಡೂ ನಕ್ಷೆಗಳನ್ನು ಒಟ್ಟಿಗೆ ನೋಡಲೇಬೇಕಾದ ಜಾಗ ಯಾವುದಾದರೂ ಇದೆಯಾ?

ಉತ್ತರ: ಹವಾಯಿ. ಅಲ್ಲಿನ ಹನಿಕ್ರೀಪರ್ ಹಕ್ಕಿಗಳು ಬೇರೆಲ್ಲೂ ಇಲ್ಲ. ಸೊಳ್ಳೆ ಕೂಡ ಮೊದಲು ಇರಲಿಲ್ಲ, 19ನೇ ಶತಮಾನದಲ್ಲಿ ಹಡಗಿನ ಜೊತೆ ಬಂತು. ಆಮೇಲೆ ಹಕ್ಕಿ ಮಲೇರಿಯಾ ಸೇರಿಕೊಂಡಿತು. ಈವಿ ಅನ್ನುವ ಕೆಂಪು ಹಕ್ಕಿಗೆ ಸೋಂಕಿರುವ ಒಂದೇ ಸೊಳ್ಳೆ ಕಚ್ಚಿದರೂ ಸಾಯುವುದೇ ಹೆಚ್ಚು. ಸುಮಾರು 13 ಡಿಗ್ರಿಗಿಂತ ಕೆಳಗೆ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಅದಕ್ಕೇ ಇಂಥ ಹಕ್ಕಿಗಳು ಈಗ ಹೆಚ್ಚಾಗಿ ತಂಪಾದ ಎತ್ತರದ ಕಾಡಿನಲ್ಲಿ ಮಾತ್ರ ಉಳಿದಿವೆ. ಬಿಸಿ ಏರಿದಂತೆ ರೋಗದ ಗೆರೆ ಮೇಲಕ್ಕೆ ಹತ್ತುತ್ತದೆ, ಹಕ್ಕಿಯ ಜಾಗ ಕುಗ್ಗುತ್ತದೆ. ಹವಾಯಿಯ ಮಾವಿ ದ್ವೀಪದಲ್ಲಿ 2023ರಿಂದ ಇದಕ್ಕೆಂದೇ ಬೆಳೆಸಿದ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆಯಿಂದ ಮರಿ ಬರುವುದಿಲ್ಲ.

ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳಿ. ಎತ್ತರ, ತಾಪಮಾನ, ಹಕ್ಕಿ ಕಂಡ ಜಾಗ, ಹುಡುಕಿದ ಜಾಗ, ಈ ನಾಲ್ಕು ಪದರ ಸಾಕು.